ಮೂಸೆಗೆ ಬೀಳುವ ಮುನ್ನ ಅಜ್ಜಿಯ ಡಾಬು

ಹರಪನಹಳ್ಳಿ ತಾಲ್ಲೂಕಿನ ಹಲವಾಗಲು ತುಂಗಭದ್ರೆಯ ಸೀಮೆಯ ಊರು. ಇಂಥ ಊರಿನ ಹಳೆಯ ಮನೆಯೊಂದನ್ನು ಊಹಿಸಿಕೊಳ್ಳಿ. ನಡುಮನೆಯ ಮೂಲೆಯಲ್ಲೊಂದು ಮರದ ಪೆಟ್ಟಿಗೆ. ಅದರ ತಳದಲ್ಲಿ, ಮಡಿಸಿಟ್ಟ ಇಳಕಲ್ ಸೀರೆಯ ಕೆಳಗೆ, ಹಳೆಯ ಅರಿವೆಯಲ್ಲಿ ಸುತ್ತಿಟ್ಟ ಭಾರವಾದ ಗಂಟು. ಬಿಚ್ಚಿದರೆ ಕಪ್ಪಿಟ್ಟ ಬೆಳ್ಳಿಯ ಪಟ್ಟಿ, ಅದರ ನಡುವೆ ಅಂಗೈಯಗಲದ ಬಿಲ್ಲೆ. ಬಿಲ್ಲೆಯ ಮೇಲೆ ಎರಡು ಆನೆಗಳ ನಡುವೆ ಕುಳಿತ ಲಕ್ಷ್ಮಿ. ಅಲ್ಲಲ್ಲಿ ಹಳದಿ ಹೊಳಪು. ಒಂದು ಕಾಲಕ್ಕೆ ಲಕ್ಷ್ಮಿಗೆ ಚಿನ್ನದ ಮುಲಾಮು ಹಾಕಿದ್ದರ ಗುರುತು.

“ಅಮ್ಮಾ, ಏನಿದು?” ಎಂದು ಶಾಲೆಗೆ ಹೋಗುವ ಮೊಮ್ಮಗಳು ಕೇಳುತ್ತಾಳೆ.

“ಡಾಬು ಕಣವ್ವಾ. ನಮ್ಮತ್ತಿ ನನ್ನ ನಡಕ್ಕೆ ಕಟ್ಟಿದ್ದು. ಅವರಿಗೆ ಅವರತ್ತಿ ಕಟ್ಟಿದ್ರಂತೆ.”

ಅಷ್ಟರಲ್ಲಿ ಮನೆಯ ಯಾರಾದರೊಬ್ಬರು ಹೇಳುತ್ತಾರೆ: “ಬೆಳ್ಳಿ ರೇಟು ಏರೈತಿ. ಸುಮ್ನೆ ಪೆಟ್ಟಿಗ್ಯಾಗ ಇಟ್ಟು ಏನ್ ಮಾಡೋದು? ಕೊಟ್ಟು ಬಂದ್ರಾತು.”

ನಾಡಿನ ಸಾವಿರಾರು ಮನೆಗಳಲ್ಲಿ ಈ ಮಾತುಕತೆ ನಡೆದಿದೆ, ಈಗಲೂ ನಡೆಯುತ್ತಿದೆ. ಬೆಳ್ಳಿಯ ದರ 2025ರಲ್ಲಿ ಕಿಲೋಗೆ ಒಂದು ಲಕ್ಷ ರೂಪಾಯಿಯನ್ನು ದಾಟಿ ಮುಂದೆ ಓಡಿದ ಮೇಲಂತೂ ಹಳೆಯ ಪೆಟ್ಟಿಗೆಗಳು ಒಂದೊಂದಾಗಿ ತೆರೆದುಕೊಂಡಿವೆ. ಅಂಗಡಿಯ ತಕ್ಕಡಿ ಡಾಬಿನ ತೂಕವನ್ನಷ್ಟೇ ಹೇಳುತ್ತದೆ. ಅದನ್ನು ಬಡಿದ ಕೈ, ಕಟ್ಟಿಕೊಂಡ ನಡು, ಅದು ಕಂಡ ಬರಗಾಲ ಇವು ಯಾವುದೂ ತಕ್ಕಡಿಗೆ ತಿಳಿಯುವುದಿಲ್ಲ. ಮೂಸೆಯಲ್ಲಿ ಕರಗಿದ ಮೇಲೆ ಆನೆಯೂ ಇಲ್ಲ, ಲಕ್ಷ್ಮಿಯೂ ಇಲ್ಲ. ಉಳಿಯುವುದು ಬೆಳ್ಳಿಯ ಗಟ್ಟಿ ಮಾತ್ರ.

ಕಲ್ಲಿನ ನಡುವಿನಿಂದ ಹೆಣ್ಣಿನ ನಡುವಿಗೆ

ನಡುವಿಗೆ ಒಡವೆ ತೊಡುವ ಪದ್ಧತಿ ನಮ್ಮಲ್ಲಿ ನಿನ್ನೆ ಮೊನ್ನೆಯದಲ್ಲ. ಮೇಖಲೆ, ಕಾಂಚಿ, ಕಟಿಸೂತ್ರ ಎಂಬ ಸಂಸ್ಕೃತದ ಹೆಸರುಗಳಿವೆ. ಕನ್ನಡದಲ್ಲಿ ಒಡ್ಯಾಣ, ನೇವಳ, ಡಾಬು, ಉಡಿದಾರ ಎಂಬ ಹೆಸರುಗಳಿವೆ. ಉಡಿದಾರ ಗಂಡು ಹೆಣ್ಣೆನ್ನದೆ ಎಳೆಯ ಕೂಸಿನ ಸೊಂಟಕ್ಕೂ ಬರುತ್ತದೆ. ಒಡ್ಯಾಣ, ಡಾಬುಗಳು ಹೆಂಗಸರವು. ಸೀರೆಯ ಮೇಲೆ ನಡುವನ್ನು ಸುತ್ತಿ, ಮುಂದೆ ಕೊಕ್ಕೆಯಿಂದಲೋ ತಿರುಪಿನಿಂದಲೋ ಬಿಗಿಯುವ ಪಟ್ಟಿಯೇ ಡಾಬು.

ಹಲವಾಗಲಿನ ಸುತ್ತಮುತ್ತಲಿನ ವಿದ್ಯಾರ್ಥಿಗಳಿಗೆ ಇದರ ಇತಿಹಾಸ ತಿಳಿಯಲು ದೂರ ಹೋಗಬೇಕಾಗಿಲ್ಲ. ಹೂವಿನಹಡಗಲಿ ತಾಲ್ಲೂಕಿನ ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯಕ್ಕೆ ಹೋದರೆ ಸಾಕು. ಕಲ್ಯಾಣದ ಚಾಲುಕ್ಯರ ಕಾಲದ ಈ ಗುಡಿಯ ಮದನಿಕೆಯರು ಹೆಸರಾದವರು. ಅವರ ನಡುವನ್ನು ಗಮನಿಸಿ ನೋಡಬೇಕು. ಮಣಿಸಾಲುಗಳು, ಇಳಿಬಿಟ್ಟ ಕುಚ್ಚುಗಳು ಎಲ್ಲವನ್ನೂ ಶಿಲ್ಪಿ ಕಲ್ಲಿನಲ್ಲಿ ಬಿಡಿಸಿದ್ದಾನೆ. ಹರಪನಹಳ್ಳಿ ತಾಲ್ಲೂಕಿನದೇ ಆದ ಬಾಗಳಿಯ ಕಲ್ಲೇಶ್ವರ ದೇವಾಲಯವೂ ಸಾವಿರ ವರ್ಷದಷ್ಟು ಹಳೆಯ ಶಿಲ್ಪಗಳಿಗೆ ಪ್ರಸಿದ್ಧ. ಹೀಗೆ ಒಂದು ಒಡವೆಯ ಸಾವಿರ ವರ್ಷದ ಮಾದರಿಗಳು ಇದೇ ಸೀಮೆಯ ಗುಡಿಗಳಲ್ಲಿ ಸಿಗುತ್ತವೆ.

ಮುಂದೆ ವಿಜಯನಗರದ ಕಾಲ. ಕೃಷ್ಣದೇವರಾಯನ ಆಳ್ವಿಕೆಯಲ್ಲಿ, 1520ರ ಸುಮಾರಿಗೆ, ಹಂಪಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಮಹಾನವಮಿಯ ವೈಭವವನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಮೆರವಣಿಗೆಯಲ್ಲಿ ಬಂದ ಅರಮನೆಯ ಹೆಂಗಳೆಯರ ನಡುವಿನಲ್ಲಿ ಚಿನ್ನ ಮತ್ತು ರತ್ನಗಳ ಪಟ್ಟಿಗಳು ಒಂದರ ಕೆಳಗೊಂದು ಸಾಲಾಗಿ ಅರ್ಧ ತೊಡೆಯ ತನಕ ಇಳಿಬಿದ್ದಿದ್ದವಂತೆ. ಒಡವೆಗಳ ಭಾರಕ್ಕೆ ಅವರಲ್ಲಿ ಕೆಲವರಿಗೆ ನಡೆಯುವುದೇ ಕಷ್ಟವಾಗಿ, ಪಕ್ಕದವರು ತೋಳು ಹಿಡಿದು ಆಸರೆ ಕೊಡಬೇಕಾಗಿತ್ತೆಂದೂ ಅವನು ಹೇಳುತ್ತಾನೆ.

ಅರಮನೆಯಲ್ಲಿ ಚಿನ್ನವಾಗಿದ್ದುದು ಒಕ್ಕಲು ಮನೆಯಲ್ಲಿ ಬೆಳ್ಳಿಯಾಯಿತು. ಇನ್ನೂ ಸ್ವಲ್ಪ ಅನುಕೂಲವಿದ್ದವರು ಬೆಳ್ಳಿಯ ಮೇಲೆ ಚಿನ್ನದ ಮುಲಾಮು ಹಾಕಿಸಿಕೊಂಡರು. ಮದುವೆ, ಜಾತ್ರೆ, ಸೀಗಿ ಹುಣ್ಣಿಮೆಯ ಚರಗ ಎಂದರೆ ಪೆಟ್ಟಿಗೆಯಿಂದ ಡಾಬು ಹೊರಗೆ ಬರುತ್ತಿತ್ತು.

ರೂಪಾಯಿ ಕರಗಿ ಡಾಬಾದದ್ದು

ಹಳೆಯ ಡಾಬಿನ ತೂಕವನ್ನು ಹಿರಿಯರು ಗ್ರಾಂನಲ್ಲಿ ಹೇಳುವುದಿಲ್ಲ. “ನಲವತ್ತು ರೂಪಾಯಿ ತೂಕದ್ದು” ಎನ್ನುತ್ತಾರೆ. ಈ ಮಾತನ್ನು ಕೇಳಿ ಮಕ್ಕಳು ನಗಬಹುದು; ನಲವತ್ತು ರೂಪಾಯಿಗೆ ಈಗ ಒಂದು ನೋಟ್‌ಬುಕ್ ಬಂದೀತು. ಆದರೆ ಇಲ್ಲಿ ರೂಪಾಯಿ ಬೆಲೆಯಲ್ಲ, ತೂಕ. 1835ರಿಂದ 1940ರ ತನಕ ಬ್ರಿಟಿಷ್ ಸರಕಾರ ಹೊರಡಿಸಿದ ಬೆಳ್ಳಿಯ ರೂಪಾಯಿ ಸರಿಯಾಗಿ ಒಂದು ತೊಲ, ಎಂದರೆ 11.66 ಗ್ರಾಂ ತೂಗುತ್ತಿತ್ತು. ಅದರಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಶುದ್ಧ ಬೆಳ್ಳಿ. ನಲವತ್ತು ರೂಪಾಯಿ ತೂಕವೆಂದರೆ ಸುಮಾರು 466 ಗ್ರಾಂ, ಹತ್ತಿರ ಹತ್ತಿರ ಅರ್ಧ ಕಿಲೋ.

ಆಗ ಹಳ್ಳಿಗಳಲ್ಲಿ ಬ್ಯಾಂಕು ಇರಲಿಲ್ಲ. ಸುಗ್ಗಿ ಚೆನ್ನಾಗಿ ಬಂದ ವರ್ಷ ಮಿಕ್ಕಿದ ರೂಪಾಯಿಗಳನ್ನು ತೆಗೆದುಕೊಂಡು ಪತ್ತಾರರ ಮನೆಗೆ ಹೋಗುತ್ತಿದ್ದರು. ರೂಪಾಯಿಗಳನ್ನೇ ಮೂಸೆಗೆ ಹಾಕಿ ಕರಗಿಸಿ ಡಾಬು, ಕಡಗ, ಕಾಲಂದಿಗೆ ಮಾಡುತ್ತಿದ್ದರು. ಹೆಂಡತಿಯ ನಡುವೇ ಮನೆಯ ಉಳಿತಾಯ ಖಾತೆ. ನಾಲ್ಕು ಜನ ನೋಡಿ ಮೆಚ್ಚಬಹುದಾದ, ಕಷ್ಟಕ್ಕೆ ಅಡವಿಡಬಹುದಾದ ಖಾತೆ.

ಆ ಕಷ್ಟವೂ ಬಂತು. 1876ರಿಂದ 1878ರ ತನಕ ದಕ್ಷಿಣ ಭಾರತವನ್ನು ಕಾಡಿದ ಧಾತು–ಈಶ್ವರ ಸಂವತ್ಸರದ ಮಹಾ ಬರದಲ್ಲಿ ಬಳ್ಳಾರಿ ಜಿಲ್ಲೆ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಒಂದು. ಆಗ ಕಾಳಿಗಾಗಿ ಜನ ಮೊದಲು ಮಾರಿದ್ದು ಮೈಮೇಲಿನ ಬೆಳ್ಳಿಯನ್ನು. ಬರದ ಸೀಮೆಗಳಿಂದ ಹೊರಟ ಒಡವೆಗಳು ಮುಂಬಯಿಯ ಟಂಕಸಾಲೆಯ ತನಕ ಹೋಗಿ ಮತ್ತೆ ರೂಪಾಯಿಗಳಾದವು. ರೂಪಾಯಿ ಡಾಬಾಯಿತು, ಡಾಬು ರೂಪಾಯಿಯಾಯಿತು. ಹೀಗಿರುವಾಗ ಆ ಬರವನ್ನು ದಾಟಿ ಬಂದ ಡಾಬೊಂದು ಯಾವುದಾದರೂ ಪೆಟ್ಟಿಗೆಯಲ್ಲಿ ಉಳಿದಿದ್ದರೆ ಅದು ಆ ಮನೆತನದ ಗಟ್ಟಿತನಕ್ಕೆ ಸಾಕ್ಷಿ.

ಅರಗಿನ ಮೇಲೆ ಅರಳುವ ಆನೆ

ಡಾಬನ್ನು ಮಾಡುವ ಕೆಲಸ ನೋಡಲು ಚೆಂದ. ಕಾಸಿ ಬಡಿದು ತೆಳುವಾಗಿಸಿದ ಬೆಳ್ಳಿಯ ತಗಡನ್ನು ಬಿಸಿ ಅರಗಿನ ಮೇಲೆ ಕೂರಿಸುತ್ತಾರೆ. ಅರಗು ಗಟ್ಟಿಯಾದ ಮೇಲೆ ಹಿಂಬದಿಯಿಂದ ಮೊಂಡು ಚಾಣಗಳಿಂದ ತಟ್ಟಿ ಉಬ್ಬಿಸುತ್ತಾರೆ. ಅನಂತರ ತಗಡನ್ನು ಬಿಡಿಸಿ, ತಿರುವಿ, ಮುಂಬದಿಯಿಂದ ಸಣ್ಣ ಚಾಣಗಳಿಂದ ಆನೆಯ ಕಣ್ಣು, ಕಮಲದ ಎಸಳು, ಲಕ್ಷ್ಮಿಯ ಕಿರೀಟವನ್ನು ತಿದ್ದುತ್ತಾರೆ. ಅರಗು ಮೆತ್ತಗೆ ಬಗ್ಗುವುದರಿಂದ ತಗಡು ಹರಿಯದೆ ಉಬ್ಬುತ್ತದೆ. ಪಟ್ಟಿಯನ್ನು ಅಗಲ ತಗಡಿನಿಂದಲೂ ಮಾಡುವುದುಂಟು. ಬೆಳ್ಳಿಯ ತಂತಿ ಎಳೆದು ಜಡೆಯಂತೆ ಹೆಣೆದೂ ಮಾಡುವುದುಂಟು. ಹೆಣೆದ ಡಾಬು ಕುಳಿತಾಗ, ಬಗ್ಗಿದಾಗ ಮೈಗೆ ಚುಚ್ಚುವುದಿಲ್ಲ.

ಚಿನ್ನದ ಮುಲಾಮಿನ ಹಳೆಯ ಕ್ರಮ ಬೇರೆಯೇ. ಚಿನ್ನವನ್ನು ಪಾದರಸದಲ್ಲಿ ಬೆರೆಸಿದರೆ ಬೆಣ್ಣೆಯಂಥ ಮುದ್ದೆಯಾಗುತ್ತದೆ. ಅದನ್ನು ಬೆಳ್ಳಿಯ ಮೇಲೆ ಸವರಿ ಬೆಂಕಿಗೆ ಹಿಡಿದರೆ ಪಾದರಸ ಆವಿಯಾಗಿ ಹಾರಿ, ಚಿನ್ನ ಬೆಳ್ಳಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಹೊಳಪು ಬಹುಕಾಲ ಬಾಳುತ್ತದೆ. ಆದರೆ ಆ ಆವಿ ವಿಷ. ಜಗತ್ತಿನ ಎಷ್ಟೋ ಕಡೆ ಈ ಕೆಲಸ ಮಾಡಿದವರು ನರದೌರ್ಬಲ್ಯದಿಂದ ನರಳಿದ್ದಾರೆ. 1840ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ವಿದ್ಯುತ್ತಿನಿಂದ ಮುಲಾಮು ಹಾಕುವ ಕ್ರಮ ಬಳಕೆಗೆ ಬಂದ ಮೇಲೆ ಪಾದರಸದ ಕ್ರಮ ಮೆಲ್ಲಗೆ ಹಿಂದೆ ಸರಿಯಿತು. ಹಳೆಯ ಒಡವೆಯೊಂದರ ಹೊಳಪಿನ ಹಿಂದೆ ಯಾರದೋ ಆರೋಗ್ಯವೂ ಸುಟ್ಟಿರಬಹುದು ಎಂಬುದನ್ನು ಮರೆಯಬಾರದು.

ತುರ್ಕಿಯ ತಂಗಿ

ನಮ್ಮ ಡಾಬಿಗೆ ದೂರದ ದೇಶದಲ್ಲೊಬ್ಬಳು ತಂಗಿ ಇದ್ದಾಳೆ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಹುಟ್ಟಿ 1922ರಲ್ಲಿ ಕೊನೆಗೊಂಡ ಆಟೊಮನ್ ತುರ್ಕಿ ಸಾಮ್ರಾಜ್ಯದಲ್ಲಿ, ಅದರಲ್ಲೂ ಇಂದಿನ ಬಲ್ಗೇರಿಯ, ಗ್ರೀಸ್ ಮುಂತಾದ ಕಡೆಗಳಲ್ಲಿ, ಮದುಮಗಳ ನಡುಪಟ್ಟಿಗೆ ದೊಡ್ಡ ಬೆಳ್ಳಿಯ ಬಿಲ್ಲೆಗಳ ಜೋಡಿ ಇರುತ್ತಿತ್ತು. ಬಲ್ಗೇರಿಯದವರು ಅದನ್ನು ‘ಪಾಫ್ಟಿ’ ಎನ್ನುತ್ತಾರೆ. ದುಂಡಗೆ, ಎಲೆಯಂತೆ, ಬಾದಾಮಿಯಂತೆ ನಾನಾ ಆಕಾರ. ಬೆಳ್ಳಿಯ ಮೇಲೆ ಚಿನ್ನದ ಮುಲಾಮು, ನವಿರು ತಂತಿಯ ಕುಸುರಿ, ಬಣ್ಣದ ಮೀನಾಕಾರಿ, ಮುತ್ತಿನ ಚಿಪ್ಪಿನ ಕೆತ್ತನೆ. ಕೆಲವದರ ಮೇಲೆ ಎರಡು ತಲೆಯ ಹದ್ದು!

ಎರಡು ತಲೆಯ ಹಕ್ಕಿ ಎಂದೊಡನೆ ಕನ್ನಡಿಗರ ಕಿವಿ ನೆಟ್ಟಗಾಗುತ್ತದೆ. ಬಳ್ಳಿಗಾವೆಯಲ್ಲಿ 1047ರ ಗಂಡಭೇರುಂಡ ಕಂಬವಿದೆ. ವಿಜಯನಗರದ ಅಚ್ಯುತದೇವರಾಯನ ನಾಣ್ಯದ ಮೇಲೆ ಗಂಡಭೇರುಂಡವಿದೆ. ಮೈಸೂರು ಅರಸರ ಲಾಂಛನ ಅದೇ. ಇಂದಿನ ಕರ್ನಾಟಕ ಸರಕಾರದ ಲಾಂಛನವೂ ಅದೇ. ಒಂದೇ ಕಲ್ಪನೆ ಅಲ್ಲಿ ಬಿಲ್ಲೆಯ ಮೇಲೆ, ಇಲ್ಲಿ ಕಂಬದ ಮೇಲೆ ಕುಳಿತಿರುವುದು ಸೋಜಿಗವಲ್ಲವೆ? ಅಂದ ಹಾಗೆ, ಕರ್ನಾಟಕಕ್ಕೂ ಆ ಸಾಮ್ರಾಜ್ಯಕ್ಕೂ ನೇರ ಸಂಪರ್ಕವೂ ಇತ್ತು. ಟಿಪ್ಪು ಸುಲ್ತಾನ್ ಕಳುಹಿಸಿದ ರಾಯಭಾರಿಗಳ ತಂಡ 1786ರಲ್ಲಿ ನಮ್ಮ ಕರಾವಳಿಯ ತದಡಿಯಿಂದ ಹಡಗು ಹತ್ತಿ, ಮರುವರ್ಷ ಇಸ್ತಾಂಬುಲ್ ತಲುಪಿತ್ತು.

ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಆಟೊಮನ್ ಬೆಳ್ಳಿಯ ಅನೇಕ ವಸ್ತುಗಳ ಮೇಲೆ ಆಳುತ್ತಿದ್ದ ಸುಲ್ತಾನನ ‘ತುಘ್ರಾ’, ಎಂದರೆ ಬಳುಕು ಬರಹದ ರಾಜಮುದ್ರೆ, ಒತ್ತಿರುತ್ತದೆ. ಮುದ್ರೆ ಯಾವ ಸುಲ್ತಾನನದೆಂದು ಓದಿದರೆ ಕಾಲ ತಿಳಿಯುತ್ತದೆ. ಎರಡನೆಯ ಅಬ್ದುಲ್ ಹಮೀದನ ಮುದ್ರೆಯಿದ್ದರೆ 1876 ಮತ್ತು 1909ರ ನಡುವಿನದು ಎನ್ನಬಹುದು. ಹಾಗೆಂದು ಕಣ್ಣು ಮುಚ್ಚಿ ನಂಬುವಂತಿಲ್ಲ. ಮುದ್ರೆಯನ್ನೂ ನಕಲು ಮಾಡುವವರಿದ್ದಾರೆ. ಅಥೆನ್ಸಿನ ಬೆನಾಕಿ ಮ್ಯೂಸಿಯಂ, ಇಸ್ತಾಂಬುಲ್ಲಿನ ಸದ್‌ಬರ್ಕ್ ಹನಂ ಮ್ಯೂಸಿಯಂಗಳಲ್ಲಿ ಆ ಕಾಲದ ಒಡವೆ ತೊಡವುಗಳನ್ನು ಜೋಪಾನವಾಗಿ ಕೂಡಿಟ್ಟಿದ್ದಾರೆ.

ನಮ್ಮ ಹಳ್ಳಿಯ ಡಾಬಿಗೆ ರಾಜಮುದ್ರೆಯಿಲ್ಲ. ಮಾಡಿದ ಪತ್ತಾರರ ಹೆಸರಿಲ್ಲ, ಇಸವಿಯಿಲ್ಲ. ಅದರ ಕಾಲವನ್ನು ಹೇಳಬಲ್ಲವರು ಮನೆಯ ಹಿರಿಯರು ಮಾತ್ರ. ಅಜ್ಜಿಯ ನೆನಪೇ ಅದರ ತುಘ್ರಾ. ಅಜ್ಜಿ ಹೋದ ಮೇಲೆ ಡಾಬು ಉಳಿದರೂ ಅರ್ಧ ಮೂಕವಾಗುತ್ತದೆ.

ಬೆಳ್ಳಗಿರುವುದೆಲ್ಲ ಬೆಳ್ಳಿಯಲ್ಲ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಬೆಳ್ಳಿಗೂ ಸಲ್ಲುತ್ತದೆ. ‘ಜರ್ಮನ್ ಸಿಲ್ವರ್’ ಎಂಬ ಲೋಹದಲ್ಲಿ ಬೆಳ್ಳಿಯ ಅಂಶವೇ ಇಲ್ಲ. ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಇದನ್ನು ಪತ್ತೆ ಮಾಡಲು ಪ್ರೌಢಶಾಲೆಯ ವಿಜ್ಞಾನ ಸಾಕು. ಆರ್ಕಿಮಿಡೀಸನ ತತ್ತ್ವವನ್ನು ನೆನಪಿಸಿಕೊಳ್ಳಿ.

ಡಾಬನ್ನು ಮೊದಲು ಗಾಳಿಯಲ್ಲಿ ತೂಗಬೇಕು. ಅನಂತರ ದಾರದಲ್ಲಿ ಕಟ್ಟಿ, ಪಾತ್ರೆಯ ತಳಕ್ಕೆ ತಗಲದಂತೆ ಪೂರ್ತಿ ನೀರಿನಲ್ಲಿ ಮುಳುಗಿಸಿ ತೂಗಬೇಕು. ಗಾಳಿಯಲ್ಲಿ 420 ಗ್ರಾಂ, ನೀರಿನಲ್ಲಿ 380 ಗ್ರಾಂ ಬಂತೆನ್ನಿ. ಕಡಿಮೆಯಾದದ್ದು 40 ಗ್ರಾಂ. 420ನ್ನು 40ರಿಂದ ಭಾಗಿಸಿದರೆ 10.5. ಶುದ್ಧ ಬೆಳ್ಳಿಯ ಸಾಂದ್ರತೆ 10.49. ನೂರಕ್ಕೆ ಇಪ್ಪತ್ತು ಪಾಲು ತಾಮ್ರ ಬೆರೆತಿದ್ದರೆ ಉತ್ತರ 10.1ರ ಸುಮಾರಿಗೆ ಇಳಿಯುತ್ತದೆ. ತಾಮ್ರದ್ದು 8.96; ಜರ್ಮನ್ ಸಿಲ್ವರ್, ಹಿತ್ತಾಳೆಗಳದು ಇನ್ನೂ ಕಡಿಮೆ. ಆದರೆ ಒಳಗೆ ಟೊಳ್ಳಿದ್ದರೆ, ಅರಗು ತುಂಬಿದ್ದರೆ, ಹೆಣಿಗೆಯ ಸಂದಿಯಲ್ಲಿ ಗಾಳಿಯ ಗುಳ್ಳೆ ಉಳಿದಿದ್ದರೆ ಲೆಕ್ಕ ತಪ್ಪುತ್ತದೆ. ಇನ್ನು ಅಯಸ್ಕಾಂತದ ಪರೀಕ್ಷೆ ಅರ್ಧ ಸತ್ಯ. ಅಯಸ್ಕಾಂತಕ್ಕೆ ಅಂಟಿದರೆ ಅದರಲ್ಲಿ ಕಬ್ಬಿಣವಿದೆ ಎಂದು ತಿಳಿಯಬಹುದು. ಅಂಟದಿದ್ದರೆ ಬೆಳ್ಳಿಯೇ ಎನ್ನಲು ಬಾರದು. ತಾಮ್ರವೂ ಅಂಟುವುದಿಲ್ಲ.

ಹಳೆಯದು ಎಂದು ಹೇಳುವ ಗುರುತುಗಳೂ ಇವೆ. ನೂರು ವರ್ಷ ಸೀರೆಗೆ ಉಜ್ಜಿದ ಡಾಬಿನಲ್ಲಿ ಉಬ್ಬಿದ ಭಾಗಗಳು ನುಣುಪಾಗಿ ಸವೆದಿರುತ್ತವೆ. ಆನೆಯ ಬೆನ್ನಿನ ಮುಲಾಮು ಹೋಗಿರುತ್ತದೆ, ಕಾಲ ಸಂದಿಯಲ್ಲಿ ಉಳಿದಿರುತ್ತದೆ. ಕೊಕ್ಕೆ ಸವೆದು ತೆಳ್ಳಗಾಗಿರುತ್ತದೆ. ಕೈಕೆಲಸದಲ್ಲಿ ಎಡಗಡೆಯ ಆನೆಗೂ ಬಲಗಡೆಯ ಆನೆಗೂ ಕೂದಲೆಳೆಯ ವ್ಯತ್ಯಾಸವಿರುತ್ತದೆ. ಎಲ್ಲ ಕಡೆಯೂ ಒಂದೇ ಸಮನೆ ಕಪ್ಪಾಗಿದ್ದು, ಎಲ್ಲೂ ಸವೆಯದಿದ್ದರೆ ಅನುಮಾನ ಪಡಬೇಕು.

ಉಜ್ಜಿ ಕೆಡಿಸಬೇಡಿ

ಹಬ್ಬ ಬಂದರೆ ಹುಣಿಸೆಹಣ್ಣು, ಬೂದಿ, ಹಲ್ಲುಪುಡಿ ಹಾಕಿ ಬೆಳ್ಳಿಯನ್ನು ತಿಕ್ಕುವುದು ಮನೆಮನೆಯ ರೂಢಿ. ದಿನಬಳಕೆಯ ಲೋಟಕ್ಕೆ ಅದು ನಡೆದೀತು. ಮುಲಾಮಿನ ಹಳೆಯ ಡಾಬಿಗೆ ಮಾತ್ರ ಸಲ್ಲದು. ಚಿನ್ನದ ಪದರ ಕಾಗದಕ್ಕಿಂತ ಎಷ್ಟೋ ತೆಳು. ನಾಲ್ಕು ಸಲ ತಿಕ್ಕಿದರೆ ಹೋದಂತೆಯೇ. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅಂಶದಿಂದ. ಕೆತ್ತನೆಯ ಕುಳಿಗಳಲ್ಲಿ ಕುಳಿತ ಆ ಕಪ್ಪೇ ಚಿತ್ರವನ್ನು ಎತ್ತಿ ತೋರಿಸುವುದು.

ಮೆತ್ತನೆಯ ಹತ್ತಿ ಬಟ್ಟೆಯಿಂದ ಬೆವರು, ದೂಳು ಒರೆಸಿ, ಒಗೆದು ಒಣಗಿಸಿದ ಬಿಳಿ ಅರಿವೆಯಲ್ಲಿ ಸುತ್ತಿಟ್ಟರೆ ಸಾಕು. ರಬ್ಬರ್ ಬ್ಯಾಂಡ್ ಸುತ್ತಬಾರದು, ಅದರಲ್ಲಿ ಗಂಧಕವಿದೆ. ಉಣ್ಣೆಯ ಬಟ್ಟೆಯಲ್ಲೂ ಇಡಬಾರದು. ಮುರಿದ ಕೊಕ್ಕೆಗೆ ಸೀಸದ ಬೆಸುಗೆ ಹಾಕಿಸುವುದೂ ತಪ್ಪು. ಅನುಭವವುಳ್ಳ ಪತ್ತಾರರಿಗೇ ತೋರಿಸಬೇಕು.

ಸಂಗ್ರಹ ಎಂದರೆ ಕೊಳ್ಳುವುದಷ್ಟೇ ಅಲ್ಲ

ಹಳೆಯ ಒಡವೆಗಳನ್ನು ಕೂಡಿಡುವ ಹವ್ಯಾಸಕ್ಕೆ ಹಣ ಬೇಕು ಎಂಬುದು ನಿಜ. ಅದಕ್ಕಿಂತ ಹೆಚ್ಚಾಗಿ ಬೇಕಾದದ್ದು ನಿಯತ್ತು. ಕಷ್ಟದಲ್ಲಿರುವ ಮನೆಯಿಂದ ಬರಿ ತೂಕದ ಬೆಲೆ ಕೊಟ್ಟು ಕೊಂಡು, ಪೇಟೆಯಲ್ಲಿ ಕಲಾಕೃತಿಯ ಬೆಲೆಗೆ ಮಾರುವುದು ಸಂಗ್ರಹವಲ್ಲ, ವ್ಯಾಪಾರ. ಕಾನೂನೂ ತಿಳಿದಿರಬೇಕು. 1972ರಲ್ಲಿ ಅಂಗೀಕಾರವಾಗಿ 1976ರಿಂದ ಜಾರಿಯಲ್ಲಿರುವ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುಗಳ ವ್ಯಾಪಾರ ಮಾಡಲು ಪರವಾನಗಿ ಬೇಕು. ಖಾಸಗಿಯವರು ಅವನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಅಜ್ಜಿಯ ಡಾಬು ಮನೆಯಲ್ಲಿರುವುದು ತಪ್ಪಲ್ಲ. ಆದರೆ ಹೊಲ ಉಳುವಾಗ, ಪಾಯ ತೋಡುವಾಗ ನೆಲದಲ್ಲಿ ಒಡವೆ ಸಿಕ್ಕರೆ ಅದು ನಿಧಿ, ಸರಕಾರಕ್ಕೆ ತಿಳಿಸಲೇಬೇಕು.

ಕನ್ನಡ ನಾಡಿನಲ್ಲಿ ಇಂಥ ವಸ್ತುಗಳಿಗೆ ಆಸರೆ ಕೊಟ್ಟವರಿದ್ದಾರೆ. 1968ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರಂಥವರು ಹಳ್ಳಿಗಳನ್ನು ಸುತ್ತಿ ವಸ್ತುಗಳನ್ನು ತಂದರು. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಶಾಲೆಗಳು ಇವನ್ನು ಪಟ್ಟಿಯಲ್ಲಿ ಸೇರಿಸಿಕೊಳ್ಳಬೇಕು.

ಆದರೆ ಎಲ್ಲ ಡಾಬುಗಳೂ ಮ್ಯೂಸಿಯಂ ಸೇರಲಾರವು, ಸೇರಬೇಕಾಗಿಯೂ ಇಲ್ಲ. ಮಗಳ ಕಾಲೇಜಿನ ಫೀ ಕಟ್ಟಲು, ಆಸ್ಪತ್ರೆಯ ಖರ್ಚಿಗೆ ಡಾಬು ಮಾರುವ ತಾಯಿಯನ್ನು ಯಾರೂ ದೂರುವಂತಿಲ್ಲ. ಕಷ್ಟಕ್ಕಾಗಲಿ ಎಂದೇ ಅದನ್ನು ಮಾಡಿಸಿದ್ದು. ಹಾಗಾದರೆ ಉಳಿಸಬೇಕಾದದ್ದೇನು?

ಇಲ್ಲಿಯೇ ವಿದ್ಯಾರ್ಥಿಗಳಿಗೆ ಕೆಲಸವಿದೆ. ಇದಕ್ಕೆ ಒಂದು ಇನ್ನೂರು ಪುಟದ ನೋಟ್‌ಬುಕ್ಕು, ಒಂದು ಅಳತೆಪಟ್ಟಿ, ಮನೆಯವರ ಮೊಬೈಲಿನ ಕ್ಯಾಮೆರಾ ಸಾಕು. ಮನೆಯ ಒಡವೆಯ ಮುಂಬದಿ, ಹಿಂಬದಿ, ಕೊಕ್ಕೆ ಮೂರರ ಚಿತ್ರವನ್ನೂ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಿರಿ. ಉದ್ದ, ಅಗಲ, ತೂಕ ಬರೆದುಕೊಳ್ಳಿ. ಬಿಲ್ಲೆಯ ಚಿತ್ರವನ್ನು ಪೆನ್ಸಿಲಿನಲ್ಲಿ ಬಿಡಿಸಿ. ಆಮೇಲೆ ಅಜ್ಜಿಯ ಪಕ್ಕದಲ್ಲಿ ಕುಳಿತು ಕೇಳಿ: ಯಾರು ಮಾಡಿಸಿದ್ದು, ಯಾವ ಊರಿನ ಪತ್ತಾರರು ಮಾಡಿದ್ದು, ಯಾವ ಹಬ್ಬಕ್ಕೆ ಕಟ್ಟುತ್ತಿದ್ದರು, ಎಷ್ಟು ಸಲ ಅಡವಿಗೆ ಹೋಗಿ ಬಂತು, ಬಿಡಿಸಿಕೊಂಡವರು ಯಾರು? ಅವರು ಆಡುವ ಮಾತನ್ನು ಅವರು ಆಡಿದ ಹಾಗೆಯೇ ಬರೆಯಿರಿ, ತಿದ್ದಬೇಡಿ. ಲಂಬಾಣಿ ತಾಂಡಾದ ಗೆಳತಿ ಇದ್ದರೆ ಅವಳ ಅಜ್ಜಿಯ ಘುಗರಿ, ಟೋಪ್ಲಿ, ಹಾಂಸ್ಲಿಗಳ ಕಥೆಯೂ ಸೇರಲಿ. ಒಡವೆಗಳು ಯಾರ ಮನೆಯಲ್ಲಿವೆ ಎಂಬ ವಿವರ ಮಾತ್ರ ಹೊರಗೆ ಹರಡದಿರಲಿ. ಅದು ಕಳ್ಳರಿಗೆ ದಾರಿ ತೋರಿಸಿದಂತೆ.

ಒಂದು ತರಗತಿಯ ನಲವತ್ತು ಮಕ್ಕಳು ಹೀಗೆ ಬರೆದರೆ ನಲವತ್ತು ಮನೆಗಳ ಇತಿಹಾಸ ಒಂದು ಕಪಾಟಿನಲ್ಲಿ ಕೂಡುತ್ತದೆ. ಬೆಳ್ಳಿ ಅವರವರ ಮನೆಯಲ್ಲೇ ಇರುತ್ತದೆ; ಕಥೆ ಎಲ್ಲರದಾಗುತ್ತದೆ. ನಾಳೆ ಡಾಬು ಮಾರಲೇಬೇಕಾಗಿ ಬಂದರೂ ಅದು ಪೂರ್ತಿ ಕರಗಿದಂತಾಗುವುದಿಲ್ಲ.

ಹಲವಾಗಲಿನಂಥ ಊರಿನ ಆ ಮನೆಯಲ್ಲಿ ಮೊಮ್ಮಗಳು ಡಾಬನ್ನು ಕೈಯಲ್ಲಿ ಹಿಡಿದು ತೂಗಿ ನೋಡುತ್ತಿದ್ದಾಳೆ. ಮಾರುವ ಮಾತು ಇನ್ನೂ ಮುಗಿದಿಲ್ಲ. ಅಷ್ಟರೊಳಗೆ ಅವಳು ಪೆನ್ನು ತಂದು ಅಜ್ಜಿಯ ಮುಂದೆ ಕುಳಿತರೆ, ಮೊದಲ ಪ್ರಶ್ನೆ ಕೇಳಲು ಇನ್ನೂ ಹೊತ್ತಿದೆ.